ಅಂಗಳದ ಕ್ಯಾಮೆರಾ ಮತ್ತು ಹುಸಿ ಎಚ್ಚರಿಕೆ

(ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಮಲೆನಾಡಿನ ಮನೆಗಳು ಬಯಲುಸೀಮೆಯ ಊರುಗಳಂತೆ ಒತ್ತೊತ್ತಾಗಿ ನಿಂತ ಮನೆಗಳಲ್ಲ. ಒಂದು ಮನೆಗೂ ಮತ್ತೊಂದು ಮನೆಗೂ ನಡುವೆ ಒಂದು ತೋಟವೋ ಗುಡ್ಡವೋ ಹಳ್ಳವೋ ಇರುತ್ತದೆ. ಮಕ್ಕಳು ಓದು, ಉದ್ಯೋಗಗಳಿಗಾಗಿ ದೂರದ ನಗರಗಳನ್ನು ಸೇರಿದ ಮೇಲೆ ಅನೇಕ ಮನೆಗಳಲ್ಲಿ ಉಳಿದವರು ವಯಸ್ಸಾದ ದಂಪತಿಗಳು ಮಾತ್ರ. ಅಂಗಳದಲ್ಲಿ ಒಣಗುವ ಅಡಿಕೆ ಕ್ವಿಂಟಾಲಿಗೆ ಹತ್ತಾರು ಸಾವಿರ ರೂಪಾಯಿ ಬೆಲೆ ಬಾಳುತ್ತದೆ. ಕಾಳುಮೆಣಸು, ಕಾಫಿಗಳ ಮಾತೂ ಹಾಗೆಯೇ. ಇಂಥ ಸ್ಥಿತಿಯಲ್ಲಿ ಮಾಡಿನ ಅಂಚಿಗೆ ಒಂದು ಕ್ಯಾಮೆರಾ ಕಟ್ಟಿಸಿ, ದೂರದಲ್ಲಿರುವ ಮಗನ ಮೊಬೈಲಿಗೂ ಮನೆಯೊಳಗಿನ ತಂದೆಯ ಮೊಬೈಲಿಗೂ ಎಚ್ಚರಿಕೆ ಸಂದೇಶ ಬರುವಂತೆ ಮಾಡಿಕೊಳ್ಳುವುದು ಸಹಜವೇ ಆಗಿದೆ. ಅದನ್ನು ಹಳಿಯುವ ಕಾರಣವಿಲ್ಲ.

ಆದರೆ ಕಟ್ಟಿಸಿದ ಮೇಲೆ ನಡೆಯುವುದೇನು? ಮೊದಲ ವಾರ ಮೊಬೈಲು ಸದ್ದು ಮಾಡಿದಾಗಲೆಲ್ಲ ಮನೆಯವರು ಎದ್ದು ನೋಡುತ್ತಾರೆ. ಕಾಣುವುದು ಗಾಳಿಗೆ ತೂಗುವ ಬಾಳೆಯೆಲೆ, ದಾಟಿಹೋದ ಬೆಕ್ಕು, ಗಾಜಿನ ಮುಂದೆ ತೂಗಾಡುವ ಜೇಡ. ಎರಡನೆಯ ವಾರ ಮಲಗಿದ್ದಲ್ಲಿಂದಲೇ ಒಮ್ಮೆ ಇಣುಕಿ ನೋಡುತ್ತಾರೆ. ಮೂರನೆಯ ವಾರ ಸದ್ದನ್ನೇ ಅಡಗಿಸಿ ಮಲಗುತ್ತಾರೆ. ಕ್ಯಾಮೆರಾ ಮಾತ್ರ ತನ್ನ ಕೆಲಸವನ್ನು ಮಾಡುತ್ತಲೇ ಇರುತ್ತದೆ, ಕಾವಲು ನಿಂತುಹೋಗಿರುತ್ತದೆ. ಈ ನಿಲುಗಡೆ ಯಾರ ಗಮನಕ್ಕೂ ಬಾರದಿರುವುದೇ ಇದರ ಅಪಾಯ. ಕ್ಯಾಮೆರಾ ಇದೆಯೆಂಬ ಧೈರ್ಯದಿಂದ ನಾಯಿ ಸಾಕುವುದನ್ನು ಬಿಟ್ಟವರು, ನೆರೆಮನೆಯವರಿಗೆ ಹೇಳಿಹೋಗುವ ರೂಢಿಯನ್ನು ಬಿಟ್ಟವರು ನಿಜವಾಗಿ ಮೊದಲಿಗಿಂತಲೂ ಹೆಚ್ಚು ಅಸುರಕ್ಷಿತರಾಗಿರುತ್ತಾರೆ.

ಹುಸಿ ಎಚ್ಚರಿಕೆ ಬರಿಯ ಕಿರಿಕಿರಿಯಲ್ಲ. ಅದು ನಿಜವಾದ ಎಚ್ಚರಿಕೆಯ ಮೇಲಿನ ನಂಬಿಕೆಯನ್ನು ದಿನದಿನಕ್ಕೆ ತಿಂದುಹಾಕುತ್ತದೆ. ಅದನ್ನು ಕಡಿಮೆ ಮಾಡುವ ಕೆಲಸವನ್ನು ಮೊಬೈಲಿನ ಗುಂಡಿಗಳಿಂದಲ್ಲ, ಕ್ಯಾಮೆರಾ ಇರುವ ಜಾಗದಿಂದ ಆರಂಭಿಸಬೇಕು ಎಂಬುದು ಈ ಉಪನ್ಯಾಸದ ಸಾರ.

ಮಾಳದ ಕಾವಲು

ಮಲೆನಾಡಿಗೆ ಕಾವಲು ಹೊಸದಲ್ಲ. ಭತ್ತ ಹೊಡೆಬಿಚ್ಚುವ ಕಾಲದಲ್ಲಿ ಗದ್ದೆಯಂಚಿನ ಮಾಳದಲ್ಲಿ ರಾತ್ರಿಯೆಲ್ಲ ಕುಳಿತು ಹಂದಿ ಕಾಯುವ ಪದ್ಧತಿ ತಲೆಮಾರುಗಳಿಂದ ನಡೆದುಬಂದದ್ದು. ಮಾಳದಲ್ಲಿ ಕುಳಿತವನಿಗೆ ಪ್ರತಿಯೊಂದು ಸದ್ದೂ ಕೇಳಿಸುತ್ತದೆ. ಒಣಗಿದ ಸೋಗೆ ಕಳಚಿ ಬಿದ್ದ ಸದ್ದು ಬೇರೆ, ಮುಳ್ಳುಹಂದಿ ನಡೆದ ಸದ್ದು ಬೇರೆ, ಹಂದಿಯ ಹಿಂಡು ಕೆಸರಿಗೆ ಇಳಿದ ಸದ್ದು ಬೇರೆ. ಆತ ಡಬ್ಬ ಬಡಿಯುವುದು ಕೊನೆಯ ಸದ್ದಿಗೆ ಮಾತ್ರ. ಎಲ್ಲ ಸದ್ದಿಗೂ ಡಬ್ಬ ಬಡಿದರೆ ಪಕ್ಕದ ಗದ್ದೆಯವರು ಏಳುವುದನ್ನು ನಿಲ್ಲಿಸುತ್ತಾರೆ, ಹಂದಿಯೂ ಆ ಸದ್ದಿಗೆ ಹೊಂದಿಕೊಳ್ಳುತ್ತದೆ. ತೋಳ ಬಂತೆಂದು ಕೂಗಿದ ಕುರಿಗಾಹಿ ಹುಡುಗನ ಕಥೆಯನ್ನು ಕೇಳದ ಮಕ್ಕಳಿಲ್ಲ. ಆ ಹುಡುಗ ಬೇಕೆಂದೇ ಸುಳ್ಳು ಹೇಳಿದನು. ಕ್ಯಾಮೆರಾ ಸುಳ್ಳು ಹೇಳುವುದಿಲ್ಲ, ತಿಳಿಯದೆ ಕೂಗುತ್ತದೆ. ಕೇಳುವವರ ಮೇಲೆ ಆಗುವ ಪರಿಣಾಮ ಮಾತ್ರ ಎರಡರಲ್ಲೂ ಒಂದೇ.

ಇದು ಕಥೆಯಷ್ಟೇ ಅಲ್ಲ ಎಂಬುದಕ್ಕೆ ಆಸ್ಪತ್ರೆಗಳಿಂದ ಬಂದ ನಿದರ್ಶನವಿದೆ. ರೋಗಿಯ ನಾಡಿ, ಉಸಿರಾಟಗಳನ್ನು ಗಮನಿಸುವ ಯಂತ್ರಗಳು ಸ್ವಲ್ಪ ಏರುಪೇರಾದರೂ ಗಂಟೆ ಬಾರಿಸುತ್ತವೆ. ಅಮೆರಿಕದ ಆಸ್ಪತ್ರೆಗಳ ಗುಣಮಟ್ಟವನ್ನು ಪರಿಶೀಲಿಸುವ ಜಾಯಿಂಟ್ ಕಮಿಷನ್ ಎಂಬ ಸಂಸ್ಥೆಯು 2013ರ ಏಪ್ರಿಲ್‌ನಲ್ಲಿ ಹೊರಡಿಸಿದ ಪ್ರಕಟಣೆಯ ಪ್ರಕಾರ ಇಂಥ ಗಂಟೆಗಳಲ್ಲಿ ಶೇಕಡ 85ರಿಂದ 99ರಷ್ಟಕ್ಕೆ ಯಾವ ಚಿಕಿತ್ಸೆಯ ಅಗತ್ಯವೂ ಇರಲಿಲ್ಲ. ದಿನವಿಡೀ ಇವುಗಳನ್ನು ಕೇಳಿ ದಣಿದ ದಾದಿಯರು ಸದ್ದನ್ನು ತಗ್ಗಿಸುತ್ತಾರೆ, ಕೆಲವೊಮ್ಮೆ ನಿಲ್ಲಿಸಿಯೇ ಬಿಡುತ್ತಾರೆ. 2009ರ ಜನವರಿಯಿಂದ 2012ರ ಜೂನ್‌ವರೆಗೆ ಗಂಟೆಗಳಿಗೆ ಸಂಬಂಧಿಸಿದ 98 ಅವಘಡಗಳು ಆ ಸಂಸ್ಥೆಗೆ ವರದಿಯಾಗಿದ್ದವು. ಅವುಗಳಲ್ಲಿ 80 ಸಾವಿನಲ್ಲಿ ಕೊನೆಗೊಂಡಿದ್ದವು. ತರಬೇತಿ ಪಡೆದ ದಾದಿಯರೇ ಹುಸಿ ಗಂಟೆಗಳಿಗೆ ಕಿವುಡಾಗುವುದಾದರೆ, ದಿನವಿಡೀ ತೋಟದಲ್ಲಿ ದುಡಿದು ಮಲಗಿದ ರೈತನು ಕಿವುಡಾಗುವುದರಲ್ಲಿ ಆಶ್ಚರ್ಯವಿಲ್ಲ.

ಕೃಷಿಶಾಸ್ತ್ರದಲ್ಲಿ ಇದೇ ವಿಚಾರ ಬೇರೆ ಹೆಸರಿನಲ್ಲಿದೆ. 1959ರಲ್ಲಿ ಕ್ಯಾಲಿಫೋರ್ನಿಯದ ಸ್ಟರ್ನ್ ಮತ್ತು ಅವರ ಸಹವಿಜ್ಞಾನಿಗಳು ಸಮಗ್ರ ಕೀಟ ನಿಯಂತ್ರಣದ ಕಲ್ಪನೆಯನ್ನು ಮಂಡಿಸಿದಾಗ ಆರ್ಥಿಕ ಹೊಸ್ತಿಲು ಎಂಬ ಮಾತನ್ನು ಮುಂದಿಟ್ಟರು. ಗದ್ದೆಯಲ್ಲಿ ಒಂದು ಹುಳು ಕಂಡೊಡನೆ ಔಷಧಿ ಹೊಡೆಯಬಾರದು. ಹುಳುವಿನ ಸಂಖ್ಯೆ ನಷ್ಟ ಉಂಟುಮಾಡುವ ಮಟ್ಟದತ್ತ ಸಾಗಿ ಒಂದು ಹೊಸ್ತಿಲನ್ನು ಮುಟ್ಟಿದಾಗ ಮಾತ್ರ ಕೈಹಾಕಬೇಕು ಎಂಬುದು ಅದರ ಸಾರ. ಹೊಸ್ತಿಲು ತೀರ ಕೆಳಗಿದ್ದರೆ ವಿಷ, ಹಣ, ಶ್ರಮ ಎಲ್ಲವೂ ವ್ಯರ್ಥ. ತೀರ ಮೇಲಿದ್ದರೆ ಬೆಳೆ ಹೋಗುತ್ತದೆ. ಅಂಗಳದ ಕ್ಯಾಮೆರಾಕ್ಕೂ ಇಂಥದೊಂದು ಹೊಸ್ತಿಲು ಬೇಕು. ಅದನ್ನು ಕಂಪನಿಯವರಿಗಿಂತ ಮನೆಯವರೇ ಚೆನ್ನಾಗಿ ನಿರ್ಧರಿಸಬಲ್ಲರು.

ಕ್ಯಾಮೆರಾ ಹೇಗೆ ನೋಡುತ್ತದೆ

ಹೊಸ್ತಿಲನ್ನು ನಿರ್ಧರಿಸುವ ಮೊದಲು ಈ ಯಂತ್ರವು ಯಾವುದನ್ನು ಚಲನೆಯೆಂದು ತಿಳಿಯುತ್ತದೆ ಎಂಬುದನ್ನು ಅರಿಯಬೇಕು. ಇದರಲ್ಲಿ ಮೂರು ವಿಧಾನಗಳಿವೆ.

ಮೊದಲನೆಯದು ಚಿತ್ರಗಳ ಹೋಲಿಕೆ. ಕ್ಯಾಮೆರಾ ಒಂದು ಚಿತ್ರವನ್ನು ಅದರ ಹಿಂದಿನ ಚಿತ್ರದೊಡನೆ ಚುಕ್ಕೆಚುಕ್ಕೆಯಾಗಿ ಹೋಲಿಸುತ್ತದೆ. ನಿಗದಿತ ಪ್ರಮಾಣಕ್ಕಿಂತ ಹೆಚ್ಚು ಚುಕ್ಕೆಗಳು ಬದಲಾಗಿದ್ದರೆ ಏನೋ ಚಲಿಸಿತೆಂದು ತೀರ್ಮಾನಿಸುತ್ತದೆ. ಮೋಡದ ನೆರಳು ಸರಿದರೂ, ತಿರುವಿನಲ್ಲಿ ಬಂದ ಜೀಪಿನ ದೀಪ ಗೋಡೆಯ ಮೇಲೆ ಹರಿದರೂ ಚುಕ್ಕೆಗಳು ಬದಲಾಗುತ್ತವೆ. ಕಳ್ಳನಿಗೂ ನೆರಳಿಗೂ ಇರುವ ವ್ಯತ್ಯಾಸ ಈ ವಿಧಾನಕ್ಕೆ ತಿಳಿಯದು.

ಎರಡನೆಯದು ಶಾಖದ ಸಂವೇದಕ. ಬೆಚ್ಚಗಿರುವ ಪ್ರತಿಯೊಂದು ವಸ್ತುವೂ ಕಣ್ಣಿಗೆ ಕಾಣದ ಅವಕೆಂಪು ಕಿರಣಗಳನ್ನು ಹೊರಸೂಸುತ್ತದೆ. ಮನುಷ್ಯದೇಹದಿಂದ ಹೊರಡುವ ಕಿರಣಗಳ ತರಂಗಾಂತರ ಸುಮಾರು 10 ಮೈಕ್ರೋಮೀಟರಿನ ಆಸುಪಾಸಿನಲ್ಲಿ ಅತಿ ಹೆಚ್ಚು. ಪಿಐಆರ್ ಎಂದು ಕರೆಯುವ ಸಂವೇದಕವು ತನ್ನ ಮುಂದಿನ ಪ್ರದೇಶವನ್ನು ಪಟ್ಟಿಪಟ್ಟಿಯಾಗಿ ವಿಂಗಡಿಸಿಕೊಂಡು, ಒಂದು ಪಟ್ಟಿಯಿಂದ ಮತ್ತೊಂದಕ್ಕೆ ಶಾಖ ಸರಿದಾಗ ಎಚ್ಚರಿಸುತ್ತದೆ. ಆದ್ದರಿಂದ ಅಡ್ಡಲಾಗಿ ನಡೆದುಹೋಗುವವನನ್ನು ಅದು ಬೇಗ ಗುರುತಿಸುತ್ತದೆ. ನೇರವಾಗಿ ಎದುರಿಗೆ ಬರುವವನನ್ನು ತಡವಾಗಿ ಗುರುತಿಸುತ್ತದೆ. ಬೇಸಗೆಯ ಮಧ್ಯಾಹ್ನ ಸುತ್ತಲಿನ ಗಾಳಿ, ನೆಲಗಳು ಮೈಯಷ್ಟೇ ಬೆಚ್ಚಗಾದಾಗ ಅದರ ಶಕ್ತಿ ಕುಗ್ಗುತ್ತದೆ. ಬಿಸಿಲಿಗೆ ಕಾದ ಎಲೆಗಳು ಗಾಳಿಗೆ ಅಲುಗಿದಾಗ ಮೋಸಹೋಗುವುದೂ ಉಂಟು.

ಮೂರನೆಯದು ಆಕಾರವನ್ನು ಗುರುತಿಸುವ ವಿಧಾನ. ಲಕ್ಷಾಂತರ ಚಿತ್ರಗಳಿಂದ ಕಲಿತ ಗಣಕ ಕ್ರಮವು ಇದು ಮನುಷ್ಯ, ಇದು ವಾಹನ, ಇದು ಪ್ರಾಣಿ ಎಂದು ವಿಂಗಡಿಸುತ್ತದೆ. ಇತ್ತೀಚಿನ ಅನೇಕ ಕ್ಯಾಮೆರಾಗಳಲ್ಲಿ ಇದು ಲಭ್ಯವಿದ್ದು, ಹುಸಿ ಎಚ್ಚರಿಕೆಯನ್ನು ತಗ್ಗಿಸುವುದರಲ್ಲಿ ಹೆಚ್ಚು ಸಮರ್ಥವಾದದ್ದು ಹೌದು. ಆದರೆ ಅದು ತಾನು ಕಲಿತದ್ದನ್ನು ಮಾತ್ರ ಬಲ್ಲದು. ಕಂಬಳಿಕೊಪ್ಪೆ ಹೊದ್ದು ಬಾಗಿ ನಡೆಯುವವನು, ತಲೆಯ ಮೇಲೆ ಸೊಪ್ಪಿನ ಹೊರೆ ಹೊತ್ತವಳು ಅದಕ್ಕೆ ಮನುಷ್ಯರಾಗಿ ಕಾಣದೆ ಹೋಗಬಹುದು. ಹಗ್ಗದ ಮೇಲೆ ಒಣಹಾಕಿದ ಅಂಗಿ ಮನುಷ್ಯನಾಗಿ ಕಾಣಬಹುದು.

ಮಲೆನಾಡಿನ ಹುಸಿಗಳು

ಪೆಟ್ಟಿಗೆಯೊಳಗಿನ ಸೂಚನಾಪತ್ರವು ಯಾವುದೋ ನಗರದ ಮನೆಬಾಗಿಲನ್ನು ಕಣ್ಣಮುಂದೆ ಇಟ್ಟುಕೊಂಡು ಬರೆದದ್ದು. ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಆಗುಂಬೆಯಂಥ ಜಾಗದ ಅಂಗಳ ಅದರಲ್ಲಿಲ್ಲ. ರಾತ್ರಿ ಕಾಣುವುದಕ್ಕಾಗಿ ಕ್ಯಾಮೆರಾ ತನ್ನ ಗಾಜಿನ ಸುತ್ತ ಇರುವ ಅವಕೆಂಪು ದೀಪಗಳನ್ನು ಹೊತ್ತಿಸುತ್ತದೆ. ಇವುಗಳ ತರಂಗಾಂತರ ಸಾಮಾನ್ಯವಾಗಿ 850 ಅಥವಾ 940 ನ್ಯಾನೋಮೀಟರ್. ಈ ಬೆಳಕಿನಲ್ಲಿ ಹತ್ತಿರದ ಸಣ್ಣ ವಸ್ತು ದೂರದ ದೊಡ್ಡ ವಸ್ತುವಿಗಿಂತ ಎಷ್ಟೋ ಪಾಲು ಪ್ರಕಾಶಮಾನವಾಗಿ ಕಾಣುತ್ತದೆ. ಗಾಜಿನ ಮುಂದೆ ಬಿದ್ದ ಮಳೆಯ ಎಳೆ ಬಿಳಿಯ ಗೀರಾಗುತ್ತದೆ. ಮಂಜು ಕವಿದರೆ ಬೆಳಕು ಹಿಂದಕ್ಕೆ ಚೆಲ್ಲಿ ಚಿತ್ರವೆಲ್ಲ ಬೆಳ್ಳಗಾಗುತ್ತದೆ. ಜೇಡರ ಬಲೆಯ ಒಂದು ಎಳೆ ಗಾಳಿಗೆ ತೂಗಿದರೆ ಹಗ್ಗದಷ್ಟು ದಪ್ಪವಾಗಿ ಕಾಣುತ್ತದೆ. ಮುಂಗಾರಿನ ಮೊದಲ ಮಳೆಯ ಸಂಜೆ ಗೆದ್ದಲಿನ ರೆಕ್ಕೆಹುಳುಗಳು ಏಳುವಾಗ ಎಚ್ಚರಿಕೆಗಳಿಗೆ ಲೆಕ್ಕವೇ ಇರುವುದಿಲ್ಲ.

ಇದರೊಡನೆ ಸ್ಥಳೀಯ ಕಾರಣಗಳು ಮತ್ತೂ ಹಲವು. ಕ್ಯಾಮೆರಾವನ್ನು ಅಡಿಕೆಮರಕ್ಕೋ ಬಿದಿರಿನ ಗಳಕ್ಕೋ ಕಟ್ಟಿದ್ದರೆ ಗಾಳಿ ಬೀಸಿದಾಗ ಕ್ಯಾಮೆರಾವೇ ಅಲುಗುತ್ತದೆ. ಅಂಗಳವೆಲ್ಲ ಚಲಿಸಿದಂತೆ ಅದಕ್ಕೆ ತೋರುತ್ತದೆ. ಕರೆಂಟು ಹೋಗಿ ಬಂದಾಗ ಅಂಗಳದ ಬಲ್ಬು ಆರಿ ಹೊತ್ತುತ್ತದೆ. ಕ್ಯಾಮೆರಾ ಬಣ್ಣದ ಚಿತ್ರದಿಂದ ಕಪ್ಪುಬಿಳಿ ಚಿತ್ರಕ್ಕೆ ಬದಲಾಗಿ ಮತ್ತೆ ಹಿಂದಿರುಗುತ್ತದೆ. ಪ್ರತಿ ಬದಲಾವಣೆಗೂ ಒಂದು ಸಂದೇಶ. ನೆಟ್‌ವರ್ಕ್ ದುರ್ಬಲವಾಗಿರುವ ಕಣಿವೆಗಳಲ್ಲಿ ಈ ಸಂದೇಶಗಳು ಸಾಲುಗಟ್ಟಿ ನಿಂತು, ನೆಟ್‌ವರ್ಕ್ ಬಂದಾಗ ಒಟ್ಟಿಗೆ ನುಗ್ಗುತ್ತವೆ. ನಿಜವಾದ ಸಂದೇಶವೊಂದಿದ್ದರೆ ಅದು ಹುಸಿಗಳ ರಾಶಿಯ ಅಡಿಯಲ್ಲಿ ಅಡಗಿಹೋಗುತ್ತದೆ. ಹುಸಿ ಎಚ್ಚರಿಕೆಯು ನಿಜವಾದ ಎಚ್ಚರಿಕೆಯನ್ನು ತಡಮಾಡುತ್ತದೆ ಎಂಬ ಮಾತು ಇಲ್ಲಿ ಅಕ್ಷರಶಃ ಸತ್ಯ.

ಪರಿಹಾರದ ಕ್ರಮ

ಸಂದೇಶಗಳು ಹೆಚ್ಚಾದೊಡನೆ ಬಹಳ ಜನರು ಮಾಡುವ ಮೊದಲ ಕೆಲಸವೆಂದರೆ ಮೊಬೈಲಿನಲ್ಲಿ ಸೆನ್ಸಿಟಿವಿಟಿ ಎಂಬ ಸೂಕ್ಷ್ಮತೆಯ ಗುಂಡಿಯನ್ನು ಕೆಳಗಿಳಿಸುವುದು. ಇದು ಕೊನೆಯಲ್ಲಿ ಮಾಡಬೇಕಾದ ಕೆಲಸ. ಸೂಕ್ಷ್ಮತೆಯನ್ನು ಇಳಿಸಿದಾಗ ಗಾಜಿನ ಹತ್ತಿರದ ಜೇಡವು ಮೊದಲಿನಂತೆಯೇ ದೊಡ್ಡದಾಗಿ ಕಾಣುತ್ತದೆ. ಅಂಗಳದ ತುದಿಯಲ್ಲಿ ಸಣ್ಣದಾಗಿ ಕಾಣುವ ಮನುಷ್ಯನೇ ಮೊದಲು ಕೈಬಿಟ್ಟುಹೋಗುತ್ತಾನೆ. ಆದ್ದರಿಂದ ಈ ಮುಂದಿನ ಕ್ರಮವನ್ನು ಅನುಸರಿಸುವುದು ಒಳ್ಳೆಯದು.

ಮೊದಲು ಉದ್ದೇಶವನ್ನು ಒಂದು ವಾಕ್ಯದಲ್ಲಿ ಬರೆದಿಡಬೇಕು. ರಾತ್ರಿ ಹತ್ತರಿಂದ ಬೆಳಗಿನ ಐದರವರೆಗೆ ದಣಪೆಯನ್ನು ದಾಟಿ ಅಂಗಳಕ್ಕೆ ಮನುಷ್ಯರು ಬಂದರೆ ತಿಳಿಯಬೇಕು ಎಂಬುದು ಸ್ಪಷ್ಟವಾದ ಉದ್ದೇಶ. ಎಲ್ಲವೂ ತಿಳಿಯಬೇಕು ಎಂಬುದು ಉದ್ದೇಶವಲ್ಲ.

ಎರಡನೆಯದು ಜಾಗ. ಕ್ಯಾಮೆರಾವನ್ನು ಅಲುಗಾಡದ ಗೋಡೆಗೆ ಅಥವಾ ಸಿಮೆಂಟ್ ಕಂಬಕ್ಕೆ, ನೆಲದಿಂದ ಎರಡೂವರೆ ಮೂರು ಮೀಟರ್ ಎತ್ತರದಲ್ಲಿ, ಸ್ವಲ್ಪ ಕೆಳಮುಖವಾಗಿ ಕೂರಿಸಬೇಕು. ಆಕಾಶ, ದೂರದ ರಸ್ತೆ, ತೋಟದ ಮರಗಳು ಚಿತ್ರದಲ್ಲಿ ಬಾರದಂತೆ ನೋಡಿಕೊಳ್ಳಬೇಕು. ಬರುವವನು ಕ್ಯಾಮೆರಾಕ್ಕೆ ಅಡ್ಡಲಾಗಿ ದಾಟುವಂತೆ ಕೋನವನ್ನು ಆರಿಸಬೇಕು. ಮಾಡಿನ ಹನಿ ಬೀಳುವ ಸಾಲಿನಿಂದ ಒಳಗಿದ್ದರೆ ಅರ್ಧ ಮಳೆಯ ತೊಂದರೆ ಅಲ್ಲಿಗೇ ನಿಲ್ಲುತ್ತದೆ.

ಮೂರನೆಯದು ಶುಚಿ. ವಾರಕ್ಕೊಮ್ಮೆ ಮೆತ್ತನೆಯ ಬಟ್ಟೆಯಿಂದ ಗಾಜನ್ನು ಒರೆಸಿ, ಉದ್ದ ಕೋಲಿನ ಪೊರಕೆಯಿಂದ ಸುತ್ತಲಿನ ಬಲೆಯನ್ನು ತೆಗೆಯಬೇಕು. ಜೇಡ ಬರುತ್ತದೆಂದು ಕೀಟನಾಶಕವನ್ನು ಸಿಂಪಡಿಸುವುದು ಸಲ್ಲದು. ತೋಟದ ಹುಳುಗಳನ್ನು ತಿನ್ನುವ ಜೇಡ ರೈತನ ಮಿತ್ರ. ಕ್ಯಾಮೆರಾದೊಳಗಿನ ಅವಕೆಂಪು ದೀಪವನ್ನು ಆರಿಸಿ, ಅಂಥದೇ ಪ್ರತ್ಯೇಕ ದೀಪವನ್ನು ಕೆಲವು ಅಡಿ ದೂರದಲ್ಲಿ ಇಟ್ಟರೆ ಗಾಜಿನ ಮುಂದಿನ ಹುಳು, ಎಳೆಗಳ ಮೇಲೆ ಬೆಳಕು ಬೀಳುವುದಿಲ್ಲ. ರಾತ್ರಿಯಿಡೀ ಉರಿಯುವ ಪ್ರಖರವಾದ ಬಿಳಿ ಬಲ್ಬು ಹುಳುಗಳನ್ನು ಸೆಳೆಯುತ್ತದೆ. ಹಳದಿ ಛಾಯೆಯ ಬೆಳಕು ಅಷ್ಟಾಗಿ ಸೆಳೆಯುವುದಿಲ್ಲ. ಬೆಳಕಿನ ಸಂಜ್ಞೆಯಿಂದಲೇ ಸಂಗಾತಿಯನ್ನು ಹುಡುಕುವ ಮಿಂಚುಹುಳುಗಳಿಗೆ ಅನಗತ್ಯವಾದ ದೀಪವು ಅಡ್ಡಿ ಎಂಬುದನ್ನೂ ಇಲ್ಲಿ ನೆನೆಯಬೇಕು. ಹುಸಿ ಎಚ್ಚರಿಕೆಯನ್ನು ತಗ್ಗಿಸುವ ಉಪಾಯವೂ ಮಿಂಚುಹುಳುವನ್ನು ಉಳಿಸುವ ಉಪಾಯವೂ ಇಲ್ಲಿ ಒಂದೇ ಆಗಿವೆ.

ನಾಲ್ಕನೆಯದು ಗಡಿ. ಚಿತ್ರದ ಯಾವ ಭಾಗದ ಚಲನೆಯನ್ನು ಮಾತ್ರ ಗಮನಿಸಬೇಕೆಂದು ಗೆರೆ ಎಳೆದು ತಿಳಿಸುವ ಸೌಲಭ್ಯ ಬಹುತೇಕ ಕ್ಯಾಮೆರಾಗಳಲ್ಲಿದೆ. ದಣಪೆ, ಅಡಿಕೆ ಒಣಗುವ ಜಾಗ, ಕೊಟ್ಟಿಗೆಯ ಬಾಗಿಲು ಇಷ್ಟನ್ನು ಒಳಗಿಟ್ಟು, ಬಾಳೆಗಿಡ, ಬಟ್ಟೆಯ ಹಗ್ಗ, ನಾಯಿ ಮಲಗುವ ಮೂಲೆಗಳನ್ನು ಹೊರಗಿಡಬೇಕು. ನೆರೆಮನೆಯ ಅಂಗಳ, ಬಚ್ಚಲು, ಕೂಲಿಯವರ ವಸತಿಗಳನ್ನು ಹೊರಗಿಡುವುದು ಎಚ್ಚರಿಕೆಯ ಪ್ರಶ್ನೆಗಿಂತ ಮೊದಲು ಮರ್ಯಾದೆಯ ಪ್ರಶ್ನೆ. ಹೀಗೆ ಗೆರೆಯಾಚೆ ಇಟ್ಟರೂ ಕ್ಯಾಮೆರಾ ಅದನ್ನು ಚಿತ್ರಿಸುತ್ತಲೇ ಇರುವುದರಿಂದ ಅಂಥ ಜಾಗಗಳು ಕಾಣದಂತೆ ಕ್ಯಾಮೆರಾವನ್ನೇ ತಿರುಗಿಸಬೇಕು.

ಐದನೆಯದು ವೇಳೆ ಮತ್ತು ವರ್ಗ. ಹಗಲಿನಲ್ಲಿ ಕೆಲಸದವರು, ಮನೆಯವರು ಓಡಾಡುವಾಗ ಸಂದೇಶ ಬೇಡವೆಂದು ವೇಳೆಯನ್ನು ನಿಗದಿಮಾಡಬಹುದು. ಮನುಷ್ಯರಿಗೆ ಮಾತ್ರ ಸಂದೇಶ ಬರಲಿ, ಉಳಿದುದೆಲ್ಲ ಸದ್ದಿಲ್ಲದೆ ದಾಖಲಾಗಲಿ ಎಂದೂ ವಿಂಗಡಿಸಬಹುದು. ಶಾಖದ ಸಂವೇದಕವೂ ಚಿತ್ರದ ಹೋಲಿಕೆಯೂ ಎರಡೂ ಒಪ್ಪಿದಾಗ ಮಾತ್ರ ಕೂಗುವಂತೆ ಹೊಂದಿಸಲು ಬರುವ ಕ್ಯಾಮೆರಾಗಳಲ್ಲಿ ಹುಸಿಗಳು ಬಹಳ ಕಡಿಮೆಯಾಗುತ್ತವೆ. ಮಳೆಯ ಎಳೆಗೆ ಶಾಖವಿಲ್ಲ, ಬಿಸಿಲಿಗೆ ಕಾದ ಕಲ್ಲಿಗೆ ಚಲನೆಯಿಲ್ಲ. ಎರಡೂ ಇರುವುದು ಜೀವಿಗಳಿಗೆ.

ಇವೆಲ್ಲ ಆದ ಮೇಲೆ ಮಾತ್ರ ಸೂಕ್ಷ್ಮತೆಯನ್ನು ಒಂದೊಂದೇ ಮೆಟ್ಟಿಲು ಇಳಿಸಬೇಕು. ಪ್ರತಿ ಮೆಟ್ಟಿಲಿಗೂ ನಡೆದು ಪರೀಕ್ಷಿಸಬೇಕು: ಮನೆಯವರೊಬ್ಬರು ರಾತ್ರಿ ದಣಪೆಯಿಂದ ಅಂಗಳಕ್ಕೆ ಮೆಲ್ಲನೆ, ಒಮ್ಮೆ ಕೊಡೆ ಹಿಡಿದು, ಒಮ್ಮೆ ಕೊಪ್ಪೆ ಹೊದ್ದು ಬರಬೇಕು. ಒಮ್ಮೆಯಾದರೂ ಕ್ಯಾಮೆರಾ ಸುಮ್ಮನಿದ್ದರೆ ಒಂದು ಮೆಟ್ಟಿಲು ಹಿಂದಕ್ಕೆ ಬರಬೇಕು. ಮಳೆಗಾಲಕ್ಕೊಮ್ಮೆ, ಬೇಸಗೆಗೊಮ್ಮೆ ಈ ಪರೀಕ್ಷೆಯನ್ನು ಮತ್ತೆ ನಡೆಸಬೇಕು.

ಒಂದು ಸಣ್ಣ ಲೆಕ್ಕ

ವಿದ್ಯಾರ್ಥಿಗಳಿಗಾಗಿ ಒಂದು ಲೆಕ್ಕ. ಒಂದು ಮನೆಯ ಕ್ಯಾಮೆರಾ ರಾತ್ರಿಗೆ 30 ಸಂದೇಶ ಕಳಿಸುತ್ತದೆ, ಅಲ್ಲಿಗೆ ವರ್ಷಕ್ಕೊಮ್ಮೆ ಕಳ್ಳ ಬರುತ್ತಾನೆ ಎಂದು ಭಾವಿಸಿದರೆ ವರ್ಷದ 10,950 ಸಂದೇಶಗಳಲ್ಲಿ ನಿಜವಾದದ್ದು ಒಂದು. ಬಹಳ ಶ್ರಮಪಟ್ಟು ರಾತ್ರಿಗೆ ಒಂದಕ್ಕೆ ಇಳಿಸಿದರೂ 365ರಲ್ಲಿ ಒಂದು. ಅಪರೂಪದ ಘಟನೆಯನ್ನು ಕಾಯುವ ಯಾವ ಯಂತ್ರಕ್ಕೂ ಈ ಕಷ್ಟ ತಪ್ಪಿದ್ದಲ್ಲ. ಎರಡನೆಯ ಮಹಾಯುದ್ಧದ ಕಾಲದ ರೇಡಾರ್ ತೆರೆಯ ಮೇಲೆ ಕಂಡ ಚುಕ್ಕೆ ಶತ್ರುವಿಮಾನವೋ ಹಕ್ಕಿಗಳ ಗುಂಪೋ ಎಂಬ ಪ್ರಶ್ನೆಯ ಹಿನ್ನೆಲೆಯಿಂದಲೇ ಸಂಕೇತ ಪತ್ತೆಯ ಸಿದ್ಧಾಂತವು 1950ರ ದಶಕದಲ್ಲಿ ರೂಪುಗೊಂಡಿತು. ಒಂದೇ ಉಪಕರಣದಲ್ಲಿ ಹೊಸ್ತಿಲನ್ನು ಮಾತ್ರ ಏರಿಸಿ ಇಳಿಸಿದರೆ ಹುಸಿ ಎಚ್ಚರಿಕೆ ಕಡಿಮೆಯಾದಂತೆ ಕೈತಪ್ಪುವ ಘಟನೆಗಳು ಹೆಚ್ಚುತ್ತವೆ. ಎರಡನ್ನೂ ಒಟ್ಟಿಗೆ ಕಡಿಮೆ ಮಾಡಬೇಕಾದರೆ ಉಪಕರಣಕ್ಕೆ ಸಿಗುವ ಮಾಹಿತಿಯೇ ಉತ್ತಮವಾಗಬೇಕು ಎಂಬುದು ಅದರ ಪಾಠ. ಜಾಗ, ಶುಚಿ, ಗಡಿಗಳ ಬದಲಾವಣೆ ಮಾಹಿತಿಯನ್ನು ಉತ್ತಮಗೊಳಿಸುತ್ತದೆ. ಗುಂಡಿಯನ್ನು ತಿರುಗಿಸುವುದು ಹೊಸ್ತಿಲನ್ನು ಸರಿಸುತ್ತದೆ, ಅಷ್ಟೆ.

ಈ ಲೆಕ್ಕ ಇನ್ನೊಂದು ಮಾತನ್ನೂ ಹೇಳುತ್ತದೆ. ಕಳ್ಳನನ್ನು ಮಾತ್ರ ನಿಜವೆಂದು ಎಣಿಸಿದರೆ ವರ್ಷದಲ್ಲಿ ಒಂದು ದಿನವೂ ಕ್ಯಾಮೆರಾ ನಿಜ ಹೇಳದೆ ಹೋಗಬಹುದು. ಹೊತ್ತಲ್ಲದ ಹೊತ್ತಿನಲ್ಲಿ ಅಂಗಳಕ್ಕೆ ಬಂದ ಯಾವ ಮನುಷ್ಯನನ್ನಾದರೂ, ಔಷಧಿಗೆಂದು ಬಂದ ನೆರೆಯವನನ್ನೂ, ತಡವಾಗಿ ಮನೆ ಸೇರಿದ ಮೊಮ್ಮಗನನ್ನೂ ನಿಜದ ಪಟ್ಟಿಗೆ ಸೇರಿಸಿಕೊಂಡರೆ ಸಂದೇಶಕ್ಕೆ ಎದ್ದು ನೋಡುವ ರೂಢಿ ಜೀವಂತವಾಗಿ ಉಳಿಯುತ್ತದೆ.

ಕಾಡಿನ ಕ್ಯಾಮೆರಾಗಳ ಪಾಠ

ಇದೇ ತೊಂದರೆಯನ್ನು ವನ್ಯಜೀವಿ ವಿಜ್ಞಾನಿಗಳು ಬಹಳ ಹಿಂದೆಯೇ ಎದುರಿಸಿದ್ದಾರೆ. ತಾಂಜಾನಿಯದ ಸೆರೆಂಗೆಟಿಯಲ್ಲಿ 2010ರಿಂದ 225 ಕ್ಯಾಮೆರಾಗಳನ್ನು ಇಟ್ಟು ನಡೆಸಿದ ಅಧ್ಯಯನದಲ್ಲಿ 2013ರವರೆಗೆ ಸುಮಾರು 12 ಲಕ್ಷ ಚಿತ್ರಸರಣಿಗಳು ದೊರೆತವು. ಅವುಗಳಲ್ಲಿ ಸುಮಾರು ಮುಕ್ಕಾಲು ಪಾಲಿನಲ್ಲಿ ಯಾವ ಪ್ರಾಣಿಯೂ ಇರಲಿಲ್ಲ. ಚಿತ್ರಗಳನ್ನು ಸಾವಿರಾರು ಸ್ವಯಂಸೇವಕರು ನೋಡಿ ವಿಂಗಡಿಸಿದರು. ಒಂದು ಚಿತ್ರವನ್ನು ನೋಡಿದ ಮೊದಲ ಐವರೂ ಇಲ್ಲಿ ಏನೂ ಇಲ್ಲ ಎಂದರೆ ಅದನ್ನು ಖಾಲಿಯೆಂದು ಬದಿಗಿಡುವ ನಿಯಮವಿತ್ತು. ಒಬ್ಬನ ಕಣ್ಣನ್ನು ನೆಚ್ಚದೆ ಹಲವರ ಒಪ್ಪಿಗೆಯನ್ನು ಕೇಳುವುದು ಅಲ್ಲಿಯ ಪಾಠ.

ಹತ್ತಿರದ ನಾಗರಹೊಳೆಯಲ್ಲಿ ಡಾ. ಉಲ್ಲಾಸ ಕಾರಂತರು ಕ್ಯಾಮೆರಾ ಚಿತ್ರಗಳಿಂದ ಹುಲಿಗಳ ಸಂಖ್ಯೆಯನ್ನು ಅಂದಾಜು ಮಾಡುವ ವಿಧಾನವನ್ನು 1995ರಲ್ಲಿ ಪ್ರಕಟಿಸಿದರು. ಅಂಥ ಅಧ್ಯಯನಗಳಲ್ಲಿ ಕ್ಯಾಮೆರಾಗಳನ್ನು ಸಿಕ್ಕಸಿಕ್ಕಲ್ಲಿ ಕಟ್ಟುವುದಿಲ್ಲ. ಹೆಜ್ಜೆ, ಲದ್ದಿಗಳನ್ನು ನೋಡಿ ಹುಲಿ ನಡೆಯುವ ಹಾದಿಯನ್ನು ಅರಿತು ಕಟ್ಟುತ್ತಾರೆ. ಯಂತ್ರವನ್ನು ಕೊಳ್ಳುವ ಮೊದಲು ನೆಲವನ್ನು ಓದಬೇಕು ಎಂಬುದು ಇಲ್ಲಿಯ ಪಾಠ.

ತಮಿಳುನಾಡಿನ ವಾಲ್ಪಾರೈಯ ಚಹಾತೋಟಗಳಲ್ಲಿ ನೇಚರ್ ಕನ್ಸರ್ವೇಶನ್ ಫೌಂಡೇಶನ್ ಸಂಸ್ಥೆಯು ಆನೆಗಳ ಬಗೆಗೆ ಜನರನ್ನು ಎಚ್ಚರಿಸುವ ವ್ಯವಸ್ಥೆಯೊಂದನ್ನು ರೂಪಿಸಿತು. ಕತ್ತಲಲ್ಲಿ ಆನೆ ಇರುವುದು ತಿಳಿಯದೆ ಎದುರಾಗಿ ಜನರು ಸಾಯುತ್ತಿದ್ದುದು ಅದಕ್ಕೆ ಕಾರಣ. ಆನೆಯಿರುವ ಜಾಗದ ಹತ್ತಿರದವರ ಮೊಬೈಲಿಗೆ ಸಂದೇಶ ಹೋಗುತ್ತದೆ. ಎತ್ತರದ ಜಾಗಗಳಲ್ಲಿರುವ ಕೆಂಪು ದೀಪಗಳನ್ನು ಸ್ಥಳೀಯರೇ ಮೊಬೈಲಿನಿಂದ ಹೊತ್ತಿಸುತ್ತಾರೆ. ಈ ಕೆಲಸದ ಮುಂದಾಳು ಆನಂದ ಕುಮಾರ್ ಅವರಿಗೆ 2015ರಲ್ಲಿ ವಿಟ್ಲಿ ಪ್ರಶಸ್ತಿ ದೊರೆಯಿತು. ಇಲ್ಲಿ ಗಮನಿಸಬೇಕಾದದ್ದು ತಂತ್ರಜ್ಞಾನವನ್ನಲ್ಲ. ಆನೆಯನ್ನು ಕಂಡವರು ಮನುಷ್ಯರು, ದೀಪವನ್ನು ಹೊತ್ತಿಸಿದವರು ಮನುಷ್ಯರು, ತಿಳಿಸಿದ್ದು ಹತ್ತಿರದವರಿಗೆ. ಕೆಂಪು ದೀಪ ಹೊತ್ತಿದರೆ ಆನೆ ಇದೆ ಎಂದೇ ಅರ್ಥ ಎಂಬ ನಂಬಿಕೆ ಇದ್ದರೆ ಮಾತ್ರ ಜನರು ದಾರಿಯನ್ನು ಬದಲಿಸುತ್ತಾರೆ.

ಊರಿಗೆ ಹಬ್ಬುವ ಹುಸಿ

ಹುಸಿ ಎಚ್ಚರಿಕೆಯು ಒಂದು ಮನೆಯ ನಿದ್ದೆಯನ್ನು ಕೆಡಿಸಿ ಸುಮ್ಮನಾದರೆ ಅದು ಸಣ್ಣ ಸಂಗತಿ. ಆದರೆ ಈಗ ಆ ಚಿತ್ರ ಕ್ಷಣಾರ್ಧದಲ್ಲಿ ಊರಿನ ವಾಟ್ಸ್‌ಆ್ಯಪ್ ಗುಂಪಿಗೆ ಹೋಗುತ್ತದೆ. ಗಾಜಿನ ಸಮೀಪಕ್ಕೆ ಬಂದ ಕಾಡುಬೆಕ್ಕು ರಾತ್ರಿಯ ಕಪ್ಪುಬಿಳಿ ಚಿತ್ರದಲ್ಲಿ ಚಿರತೆಯಾಗಿ ಕಾಣುತ್ತದೆ. ಮರುದಿನ ಬೋನು ಇಡಬೇಕೆಂಬ ಒತ್ತಾಯ ಹುಟ್ಟುತ್ತದೆ. ಬೋನಿಗೆ ಬಿದ್ದದ್ದು ಆ ಸೀಮೆಯಲ್ಲಿ ಯಾರಿಗೂ ತೊಂದರೆ ಕೊಡದೆ ಬದುಕಿದ್ದ ಚಿರತೆಯಾಗಿರಬಹುದು. ಮಹಾರಾಷ್ಟ್ರದ ಜುನ್ನರ್ ಸೀಮೆಯಲ್ಲಿ ಹೀಗೆ ಹಿಡಿದ ಚಿರತೆಗಳನ್ನು ಬೇರೆಡೆಗೆ ಸಾಗಿಸಿ ಬಿಟ್ಟ ಕಾಲದಲ್ಲಿ ಮನುಷ್ಯರ ಮೇಲಿನ ದಾಳಿಗಳು ಕಡಿಮೆಯಾಗಲಿಲ್ಲ, ಹೆಚ್ಚಿದವು ಎಂಬುದನ್ನು ವಿದ್ಯಾ ಆತ್ರೇಯ ಮತ್ತು ಅವರ ಸಂಗಡಿಗರು 2011ರಲ್ಲಿ ಪ್ರಕಟಿಸಿದ ಅಧ್ಯಯನ ತೋರಿಸಿತು. ಒಂದು ಮಬ್ಬು ಚಿತ್ರದ ಆತುರವು ಕಾಡಿಗೂ ಊರಿಗೂ ಎಷ್ಟು ದುಬಾರಿಯಾಗಬಹುದೆಂಬುದನ್ನು ಇದರಿಂದ ಊಹಿಸಬಹುದು.

ಮನುಷ್ಯನ ವಿಷಯದಲ್ಲಿ ಹುಸಿ ಇನ್ನೂ ಕ್ರೂರವಾದದ್ದು. 2018ರ ಜುಲೈನಲ್ಲಿ ಬೀದರ ಜಿಲ್ಲೆಯ ಮುರ್ಕಿ ಗ್ರಾಮದಲ್ಲಿ, ಮಕ್ಕಳ ಕಳ್ಳರು ಬಂದಿದ್ದಾರೆಂಬ ವಾಟ್ಸ್‌ಆ್ಯಪ್ ವದಂತಿಯನ್ನು ನಂಬಿದ ಜನರ ಗುಂಪು ಹೈದರಾಬಾದಿನ ಯುವ ಎಂಜಿನಿಯರ್ ಒಬ್ಬನನ್ನು ಹೊಡೆದು ಕೊಂದಿತು. ಆತ ಗೆಳೆಯರೊಡನೆ ಆ ಭಾಗಕ್ಕೆ ಬಂದಿದ್ದ ಅತಿಥಿ. ಅದೇ ತಿಂಗಳು ವಾಟ್ಸ್‌ಆ್ಯಪ್ ಕಂಪನಿಯು ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಳಿಗೆ ಮಾತ್ರ ರವಾನಿಸಬಹುದೆಂಬ ಮಿತಿಯನ್ನು ಘೋಷಿಸಿತು. ಆ ದುರಂತಕ್ಕೆ ಮನೆಯ ಕ್ಯಾಮೆರಾ ಕಾರಣವಾಗಿರಲಿಲ್ಲ. ಆದರೆ ಅಸ್ಸಾಂ, ಜಾರ್ಖಂಡ್‌ಗಳಿಂದ ದುಡಿಯಲು ಬಂದವರು ಇಂದು ಮಲೆನಾಡಿನ ತೋಟಗಳಲ್ಲಿ ಹಲವರಿದ್ದಾರೆ. ಸಂತೆಯಿಂದ ತಡವಾಗಿ ಹಿಂದಿರುಗುವಾಗ ದಾರಿ ತಪ್ಪಿ ಅಂಗಳಕ್ಕೆ ಬಂದವನ ಮಬ್ಬು ಚಿತ್ರಕ್ಕೆ ಕಳ್ಳನೆಂಬ ಹೆಸರಿಟ್ಟು ಗುಂಪಿಗೆ ಕಳಿಸುವುದು ಎಂಥ ಕೆಲಸವೆಂಬುದನ್ನು ಯೋಚಿಸಬೇಕು. ಕ್ಯಾಮೆರಾ ಹೇಳಬಲ್ಲದ್ದು ಇಲ್ಲಿ ಒಬ್ಬ ಮನುಷ್ಯ ಬಂದಿದ್ದಾನೆ ಎಂಬಷ್ಟನ್ನು ಮಾತ್ರ. ಆತ ಯಾರು, ಏತಕ್ಕೆ ಬಂದ ಎಂಬುದನ್ನು ಹೇಳಬೇಕಾದವರು ಮನುಷ್ಯರು, ಅದೂ ವಿಚಾರಿಸಿದ ಮೇಲೆ.

ಆದ್ದರಿಂದ ಪ್ರತಿ ಊರಿನವರು ಒಂದು ಸರಳ ಒಪ್ಪಂದಕ್ಕೆ ಬರುವುದು ಒಳ್ಳೆಯದು. ರಾತ್ರಿ ಸಂದೇಶ ಬಂದರೆ ಮೊದಲು ಮನೆಯವರು ನೋಡಬೇಕು. ಸಂಶಯವಿದ್ದರೆ ಹತ್ತಿರದ ಎರಡು ಮನೆಗಳಿಗೆ ಕರೆಮಾಡಿ ಮಾತನಾಡಬೇಕು. ಚಿತ್ರವನ್ನು ಗುಂಪಿಗೆ ಹಾಕಬಾರದು. ಅಪಾಯ ನಿಜವೆನಿಸಿದರೆ 112ಕ್ಕೆ ಕರೆಮಾಡಬೇಕು. ಪ್ರಾಣಿಯ ಚಿತ್ರವಾದರೆ ಅರಣ್ಯ ಸಿಬ್ಬಂದಿಗೆ ತೋರಿಸಿ ಯಾವ ಪ್ರಾಣಿಯೆಂದು ಖಚಿತಪಡಿಸಿಕೊಂಡ ಮೇಲೆಯೇ ಊರಿಗೆ ತಿಳಿಸಬೇಕು.

ವಿದ್ಯಾರ್ಥಿಗಳಿಗೆ ಒಂದು ಕೆಲಸ

ವಿದ್ಯಾರ್ಥಿ ಮಿತ್ರರು ತಮ್ಮ ಮನೆಯಲ್ಲೋ ನೆರೆಮನೆಯಲ್ಲೋ ಇರುವ ಒಂದು ಕ್ಯಾಮೆರಾವನ್ನು, ಆ ಮನೆಯವರ ಒಪ್ಪಿಗೆ ಪಡೆದು, ಏಳು ದಿನ ಗಮನಿಸಬಹುದು. ಒಂದು ನೋಟುಪುಸ್ತಕದಲ್ಲಿ ಐದು ಅಂಕಣ ಹಾಕಿ, ಪ್ರತಿ ಸಂದೇಶದ ವೇಳೆ, ಆಗಿನ ಹವೆ, ಚಿತ್ರದಲ್ಲಿ ಕಂಡದ್ದು, ಹುಸಿಯೋ ನಿಜವೋ ಎಂಬುದು, ಹುಸಿಯಾದರೆ ಅದರ ಕಾರಣ ಇಷ್ಟನ್ನು ಬರೆಯಬೇಕು. ವಾರದ ಕೊನೆಗೆ ಕಾರಣಗಳನ್ನು ಎಣಿಸಿದರೆ ಒಂದೆರಡು ಕಾರಣಗಳೇ ಬಹುಪಾಲು ಹುಸಿಗಳನ್ನು ಹುಟ್ಟಿಸಿರುವುದು ಸಾಮಾನ್ಯವಾಗಿ ಕಂಡುಬರುತ್ತದೆ. ಅವನ್ನು ಮಾತ್ರ ಸರಿಪಡಿಸಿ, ಮುಂದಿನ ಏಳು ದಿನ ಮತ್ತೆ ಎಣಿಸಬೇಕು. ಒಮ್ಮೆಗೆ ಒಂದೇ ಬದಲಾವಣೆಯನ್ನು ಮಾಡಬೇಕು. ಎರಡನ್ನು ಒಟ್ಟಿಗೆ ಮಾಡಿದರೆ ಯಾವುದರಿಂದ ಫಲ ಬಂತೆಂದು ತಿಳಿಯುವುದಿಲ್ಲ. ಗದ್ದೆಯ ಪ್ರಯೋಗಕ್ಕೂ ಇದೇ ನಿಯಮ.

ಇದರ ಜೊತೆಗೆ ಇನ್ನೊಂದು ಪುಟವನ್ನು ಇಡಬಹುದು. ಹುಸಿಯೆಂದು ಬದಿಗಿಟ್ಟ ಚಿತ್ರಗಳಲ್ಲಿ ಪುನುಗುಬೆಕ್ಕು, ಮುಳ್ಳುಹಂದಿ, ಗೂಬೆ, ಕಾಡುಪಾಪಗಳು ಕಾಣಿಸಿಕೊಂಡ ದಿನ, ವೇಳೆಗಳನ್ನು ಅದರಲ್ಲಿ ಗುರುತಿಸಬೇಕು. ಕಳ್ಳನನ್ನು ಕಾಯಲು ಕಟ್ಟಿದ ಕ್ಯಾಮೆರಾ ಹೀಗೆ ಊರಿನ ಜೀವಿಗಳ ದಾಖಲೆಯೂ ಆಗುತ್ತದೆ. ಅಡಿಕೆ ಕೊಯ್ಲು ಆರಂಭವಾಗುವುದರೊಳಗೆ ಪ್ರತಿ ಊರಿನಲ್ಲಿ ಒಂದು ಮನೆಯಲ್ಲಾದರೂ ಈ ಎಣಿಕೆ ನಡೆದು, ಅದರ ಫಲವನ್ನು ಮುಂದಿನ ಸಭೆಯಲ್ಲಿ ವಿದ್ಯಾರ್ಥಿಗಳೇ ಮಂಡಿಸಲಿ ಎಂಬುದು ವಿನಂತಿ.